ಕಡ್ಡಾಯ ವಿದ್ಯಾಭ್ಯಾಸದ ಶಾಸನದಲ್ಲಿ ಮನೆಯ ಪಾಠದ ಸ್ಥಾನ: ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು 1948ರವರೆಗೆ ನಿಜಾಮನ ರಾಜ್ಯಕ್ಕೆ ಸೇರಿದ್ದುವು. ಸರಕಾರಿ ಶಾಲೆಗಳಲ್ಲಿ ಉರ್ದುವಿಗೆ ಪ್ರಾಧಾನ್ಯವಿದ್ದುದರಿಂದ ಕನ್ನಡದ ಅಕ್ಷರಾಭ್ಯಾಸವು ಬಹುಮಟ್ಟಿಗೆ ಮಠಗಳಲ್ಲಿಯೂ ಗಾಂವಠಿ ಶಾಲೆಗಳಲ್ಲಿಯೂ ಉಳಿದುಕೊಂಡಿತ್ತು. 1920ರ ದಶಕದಲ್ಲಿ ಹೊರಟ ‘ಖಾನಗಿ ಮದಾರಿಸ್’ ನಿಯಮವು ಅಪ್ಪಣೆಯಿಲ್ಲದೆ ಖಾಸಗಿ ಶಾಲೆಯನ್ನು ತೆರೆಯಕೂಡದೆಂದು ವಿಧಿಸಿತು. ಮಕ್ಕಳು ಶಾಲೆಗೆ ಬರಲೇಬೇಕೆಂಬ ನಿರ್ಬಂಧವಿಲ್ಲದ ಕಾಲದಲ್ಲಿ ಕಲಿಸುವವರಿಗೆ ನಿರ್ಬಂಧ ಬಂದುದು ವಿಚಿತ್ರವೇ ಸರಿ.

1956ರಲ್ಲಿ ಈ ಪ್ರಾಂತವು ಮೈಸೂರು ರಾಜ್ಯದಲ್ಲಿ ಸೇರಿತು. 1961ರಲ್ಲಿ ಆ ರಾಜ್ಯಕ್ಕೆ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಶಾಸನವಾಯಿತು. 1995ರಲ್ಲಿ ಜಾರಿಗೆ ಬಂದ, 1983ರ ಕರ್ನಾಟಕ ಶಿಕ್ಷಣ ಅಧಿನಿಯಮವು ಗೈರುಹಾಜರಿಗೆ ಸಮಂಜಸವಾದ ಕಾರಣಗಳನ್ನು ಹೇಳುತ್ತದೆ. ಗೊತ್ತಾದ ದೂರದೊಳಗೆ ಶಾಲೆಯಿಲ್ಲದಿರುವುದು, ಅಂಗವೈಕಲ್ಯ, ಮುಂತಾದುವು ಸುಲಭವಾಗಿ ತಿಳಿಯತಕ್ಕವು. ವಿಚಾರಕ್ಕೆ ಅರ್ಹವಾದುದು ಮತ್ತೊಂದು: ಮಗುವು ಬೇರೊಂದು ರೀತಿಯಲ್ಲಿ ಶಿಕ್ಷಣ ಪಡೆಯುತ್ತಿದ್ದು, ಅದು ತೃಪ್ತಿಕರವೆಂದು ಸರಕಾರವಾಗಲಿ ಅದು ನೇಮಿಸಿದ ಅಧಿಕಾರಿಯಾಗಲಿ ಸಾರಿರಬೇಕು. ಇಲ್ಲಿ ‘ತೃಪ್ತಿಕರ’ ಎಂಬುದೇ ಜೀವಾಳ. ತಂದೆತಾಯಿಗಳ ಇಚ್ಛೆಯೊಂದರಿಂದ ವಿನಾಯಿತಿ ಹುಟ್ಟುವುದಿಲ್ಲ. ಬರಿಯ ಗೈರುಹಾಜರಿಯು ಮನೆಪಾಠವೂ ಅಲ್ಲ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಕೇಂದ್ರದ ಶಿಕ್ಷಣ ಹಕ್ಕಿನ ಅಧಿನಿಯಮವು 6ರಿಂದ 14 ವರ್ಷದ ಮಕ್ಕಳನ್ನು ನೆರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆನ್ನುತ್ತದೆ. ಆದರೆ ತಪ್ಪಿದ ಪೋಷಕರಿಗೆ ದಂಡ ವಿಧಿಸುವುದಿಲ್ಲ. ಸಾಮಾನ್ಯ ಮನೆಪಾಠದ ವಿಷಯದಲ್ಲಿ ಅದು ಮೌನವಾಗಿದೆ. 2012ರ ತಿದ್ದುಪಡಿಯು ತೀವ್ರ ಅಥವಾ ಬಹುವಿಧ ಅಂಗವೈಕಲ್ಯವುಳ್ಳ ಮಕ್ಕಳಿಗೆ ಮಾತ್ರ ಮನೆಯಲ್ಲಿಯೇ ಕಲಿಯುವ ಹಕ್ಕನ್ನು ಕೊಟ್ಟಿತು. ಮದರಸಗಳನ್ನೂ ವೇದಪಾಠಶಾಲೆಗಳನ್ನೂ ಶಾಸನದ ವ್ಯಾಪ್ತಿಯಿಂದ ಹೊರಗಿಟ್ಟಿತು.

ಈ ಮೂರು ತಾಲ್ಲೂಕುಗಳಲ್ಲಿ ಮನೆಪಾಠದ ವಿನಾಯಿತಿಗಿಂತ ವಲಸೆಯ ಪ್ರಶ್ನೆಯೇ ದೊಡ್ಡದು. ಸುಗ್ಗಿ ತೀರಿದ ಮೇಲೆ ಕೂಲಿಕಾರರು ಪುಣೆ, ಮುಂಬಯಿ, ಬೆಂಗಳೂರುಗಳಿಗೆ ಹೊರಡುವಾಗ ಮಕ್ಕಳೂ ಹೊರಡುತ್ತಾರೆ. ಆ ಮಗುವಿಗೆ ಬೇಕಾದುದು ವಿನಾಯಿತಿಯಲ್ಲ, ವರ್ಗಾವಣೆ. ರಾಜ್ಯದ ಒಳಗಾಗಲಿ ಹೊರಗಾಗಲಿ ಬೇರೆ ಶಾಲೆಗೆ ಹೋಗುವ ಹಕ್ಕು ಕೇಂದ್ರದ ಅಧಿನಿಯಮದಲ್ಲಿಯೇ ಇದೆ. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶವನ್ನು ನಿರಾಕರಿಸುವಂತಿಲ್ಲ. ಕಲಿಕೆಯ ಮಾಧ್ಯಮವು ಸಾಧ್ಯವಾದಮಟ್ಟಿಗೆ ಮಗುವಿನ ಮಾತೃಭಾಷೆಯಾಗಿರಬೇಕೆಂದೂ ಅದೇ ಶಾಸನ ಹೇಳುತ್ತದೆ. ಆದರೆ ಆಳಂದದಿಂದ ಪುಣೆಗೆ ಹೋದ ಮಗುವಿಗೆ ನೆರೆಯಲ್ಲಿ ದೊರೆಯುವುದು ಸಾಮಾನ್ಯವಾಗಿ ಮರಾಠಿ ಶಾಲೆ. ‘ಸಾಧ್ಯವಾದಮಟ್ಟಿಗೆ’ ಎಂಬ ಮಾತಿನ ಸಡಿಲಿನಲ್ಲಿ ಅದರ ಕನ್ನಡವು ಜಾರಿಹೋಗುತ್ತದೆ.