ಹುಂಜದ ಕೂಗಿನಿಂದ ಅಜ್ಜನ ಇಂಜೆಕ್ಷನ್‌ವರೆಗೆ

ಹುಂಜಕ್ಕೆ ಅಷ್ಟು ದೊಡ್ಡ ಕೆಂಪು ಜುಟ್ಟು ಏಕೆ? ಬೆಳಗಿನ ಜಾವ ಕತ್ತು ಚಾಚಿ ಅದು ಕೂಗುವುದೇಕೆ? ಇನ್ನೊಂದು ಹುಂಜ ಕಂಡರೆ ಸಾಕು, ಕಾಲು ಕೆರೆದು ಜಗಳಕ್ಕೆ ನಿಲ್ಲುವುದೇಕೆ? ಕೋಳಿಗಳ ನಡುವೆಯೇ ಬೆಳೆದ ಅಜ್ಜಂದಿರನ್ನು ಕೇಳಿದರೂ ಉತ್ತರ ಥಟ್ಟನೆ ಬರಲಿಕ್ಕಿಲ್ಲ.

ಜರ್ಮನಿಯ ಗಾಟಿಂಗೆನ್ ಊರಿನ ಪ್ರಾಧ್ಯಾಪಕ ಆರ್ನಾಲ್ಡ್ ಬರ್ಟೋಲ್ಡ್ ಈ ಪ್ರಶ್ನೆಯ ಬೆನ್ನು ಹತ್ತಿದ. ಆರು ಎಳೆಯ ಹುಂಜಗಳನ್ನು ತಂದು ಅವುಗಳ ವೃಷಣಗಳನ್ನು ತೆಗೆದ. ಎರಡನ್ನು ಹಾಗೆಯೇ ಬಿಟ್ಟ. ಉಳಿದ ನಾಲ್ಕಕ್ಕೆ ಒಂದೊಂದು ವೃಷಣವನ್ನು ಹೊಟ್ಟೆಯೊಳಗೆ, ಬೇರೆ ಜಾಗದಲ್ಲಿ ಇಟ್ಟು ಹೊಲಿದ. ಮೊದಲಿನ ಎರಡಕ್ಕೆ ಜುಟ್ಟು ಬೆಳೆಯಲಿಲ್ಲ, ಕೂಗು ಬರಲಿಲ್ಲ, ಜಗಳದ ಗೊಡವೆಯೂ ಇರಲಿಲ್ಲ. ಉಳಿದ ನಾಲ್ಕು ಎಲ್ಲ ಹುಂಜಗಳಂತೆಯೇ ಕೂಗಿದವು, ಕಾದಾಡಿದವು. ಹಳೆಯ ನರದ ಸಂಪರ್ಕ ಕಡಿದುಹೋಗಿದ್ದರೂ ಕೆಲಸ ನಡೆಯುತ್ತಿದೆ ಎಂದಮೇಲೆ, ಆ ಅಂಗದಿಂದ ಯಾವುದೋ ವಸ್ತು ರಕ್ತದಲ್ಲಿ ಸೇರಿ ಮೈಯೆಲ್ಲ ಹರಿಯುತ್ತಿರಬೇಕು ಎಂದು 1849ರಲ್ಲಿ ಆತ ಬರೆದ. ಇಂಥ ವಸ್ತುಗಳಿಗೆ ಹಾರ್ಮೋನು ಎಂಬ ಹೆಸರು ಬಂದದ್ದು 1905ರಲ್ಲಿ. ಬ್ರಿಟನ್ನಿನ ವಿಜ್ಞಾನಿ ಸ್ಟಾರ್ಲಿಂಗ್ ಇಟ್ಟ ಆ ಹೆಸರಿನ ಮೂಲ ‘ಪ್ರಚೋದಿಸು’ ಎಂಬ ಅರ್ಥದ ಗ್ರೀಕ್ ಪದ.

ಈ ನಡುವೆ ಒಂದು ತಮಾಷೆಯೂ ನಡೆಯಿತು. 1889ರಲ್ಲಿ ಪ್ಯಾರಿಸ್ಸಿನ ಹೆಸರಾಂತ ವೈದ್ಯ ಬ್ರೌನ್ ಸೆಕಾರ್, ನಾಯಿ ಮತ್ತು ಗಿನಿಯಿಲಿಗಳ ವೃಷಣ ಅರೆದು ತೆಗೆದ ರಸವನ್ನು ತನಗೇ ಚುಚ್ಚಿಕೊಂಡ. ಮೈಗೆ ಬಲ ಬಂತು, ಮೆಟ್ಟಿಲನ್ನು ಓಡಿ ಹತ್ತುತ್ತೇನೆ ಎಂದು ವಿಜ್ಞಾನಿಗಳ ಸಭೆಯಲ್ಲಿ ಸಾರಿದ. ಆಗ ಅವನಿಗೆ 72 ವರ್ಷ, ಹೆಚ್ಚುಕಡಿಮೆ ನನ್ನ ವಯಸ್ಸೇ. ಯುರೋಪು, ಅಮೆರಿಕದ ಮುದುಕರೆಲ್ಲ ಆ ರಸಕ್ಕೆ ಮುಗಿಬಿದ್ದರು. ಆದರೆ ಈ ಹಾರ್ಮೋನು ನೀರಿನಲ್ಲಿ ಸರಿಯಾಗಿ ಕರಗುವುದೇ ಇಲ್ಲ. ಆ ನೀರುರಸದಲ್ಲಿ ಹಾರ್ಮೋನು ಇದ್ದದ್ದು ಇಲ್ಲವೆನ್ನುವಷ್ಟು ಕಡಿಮೆ. ಅವನನ್ನು ಮೆಟ್ಟಿಲು ಹತ್ತಿಸಿದ್ದು ನಂಬಿಕೆ.

ನಿಜವಾದ ಹಾರ್ಮೋನು ಕೈಗೆ ಸಿಕ್ಕಿದ್ದು 1935ರಲ್ಲಿ. ಆಮ್‌ಸ್ಟರ್‌ಡಾಮಿನ ಲಾಕರ್ ಎಂಬ ವಿಜ್ಞಾನಿಯ ತಂಡ ಸುಮಾರು 100 ಕಿಲೋ ಹೋರಿ ವೃಷಣಗಳಿಂದ ಕೇವಲ 10 ಮಿಲಿಗ್ರಾಂ ತೆಗೆದು, ಟೆಸ್ಟೋಸ್ಟೆರಾನ್ ಎಂದು ಹೆಸರಿಟ್ಟಿತು. ಅದೇ ವರ್ಷ ಬುಟೆನಾಂಟ್ ಮತ್ತು ರುಜಿಚ್ಕಾ ಎಂಬಿಬ್ಬರು ಬೇರೆ ಬೇರೆಯಾಗಿ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. 1939ರ ನೊಬೆಲ್ ಇಬ್ಬರಿಗೂ ಬಂತು. ಆದರೆ ಹಿಟ್ಲರನ ಸರಕಾರ ಬಿಡಲಿಲ್ಲವಾಗಿ ಬುಟೆನಾಂಟ್ ಅದನ್ನು ಪಡೆದದ್ದು ಯುದ್ಧ ಮುಗಿದ ಮೇಲೆ.

ಮಕ್ಕಳೇ, ಹುಡುಗರ ದನಿ ಒಡೆಯುವುದು, ಮೀಸೆ ಚಿಗುರುವುದು, ಸ್ನಾಯು ಬಲಿಯುವುದು ಇದೇ ಹಾರ್ಮೋನಿನಿಂದ. ಇದರ ವ್ಯವಹಾರ ನಮ್ಮ ಬ್ಯಾಂಕಿನಂತೆಯೇ. ಮೆದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ಇದೆ. ಅದನ್ನು ಹೆಡ್ ಆಫೀಸು ಎನ್ನೋಣ. ‘ಇಷ್ಟು ತಯಾರಿಸು’ ಎಂದು ಅಲ್ಲಿಂದ ಆದೇಶ ಹೋದರೆ ಕೆಳಗಿನ ಬ್ರಾಂಚಿನಲ್ಲಿ ಕೆಲಸ ನಡೆಯುತ್ತದೆ. ಹೊರಗಿನಿಂದ ಹಾರ್ಮೋನು ಸುರಿದರೆ ‘ದಾಸ್ತಾನು ಸಾಕಷ್ಟಿದೆ’ ಎಂದು ಹೆಡ್ ಆಫೀಸು ಆದೇಶ ನಿಲ್ಲಿಸುತ್ತದೆ, ಬ್ರಾಂಚು ಬಾಗಿಲು ಹಾಕುತ್ತದೆ. ಆದ್ದರಿಂದಲೇ ಮುಂದೆ ಮಕ್ಕಳಾಗಬೇಕು ಎನ್ನುವ ಗಂಡಸರಿಗೆ ವೈದ್ಯರು ಈ ಚಿಕಿತ್ಸೆ ಕೊಡಲು ಹಿಂಜರಿಯುತ್ತಾರೆ. ಜಿಮ್ಮಿನಲ್ಲಿ ಯಾರೋ ಕೊಟ್ಟರೆಂದು ಇಂಜೆಕ್ಷನ್ ಚುಚ್ಚಿಸಿಕೊಳ್ಳುವ ಹುಡುಗರೂ ಇದನ್ನು ತಿಳಿದಿರಬೇಕು. ಬೆಳೆಯುವ ವಯಸ್ಸಿನಲ್ಲಾದರೆ ಮೂಳೆಯ ಬೆಳವಣಿಗೆ ಬೇಗ ನಿಂತು ಎತ್ತರವೇ ಕುಂಠಿತವಾಗಬಹುದು.

ಈಗ ನನ್ನ ಓರಗೆಯವರ ವಿಷಯ. ವಯಸ್ಸಾದಂತೆ ಈ ಹಾರ್ಮೋನು ವರ್ಷಕ್ಕೆ ಸುಮಾರು ಶೇ. 1ರಷ್ಟು ಇಳಿಯುತ್ತ ಬರುವುದು ಸಹಜ. ಅದು ರೋಗವಲ್ಲ. ಬ್ಯಾಂಕಿನ ನನ್ನ ಗೆಳೆಯರೊಬ್ಬರಿಗೆ ಸದಾ ಸುಸ್ತು. ‘ಯೌವನ ಮರಳಿಸುತ್ತೇವೆ’ ಎಂಬ ಜಾಹೀರಾತು ನೋಡಿ ಬಾಟಲಿ ತರಿಸಲು ಹೊರಟಿದ್ದರು. ಮಗಳು ಕೈಹಿಡಿದು ಡಾಕ್ಟರ ಬಳಿ ಕರೆದೊಯ್ದಳು. ಟೆಸ್ಟೋಸ್ಟೆರಾನ್ ಸರಿಯಾಗಿತ್ತು, ಥೈರಾಯ್ಡ್ ಕಡಿಮೆಯಾಗಿತ್ತು. ಈಗ ದಿನಾ ಒಂದು ಮಾತ್ರೆ ನುಂಗಿ, ವಾಕಿಂಗಿನಲ್ಲಿ ನನ್ನನ್ನೇ ಹಿಂದೆ ಹಾಕುತ್ತಾರೆ.

ಇನ್ನೊಬ್ಬರ ಕಥೆ ಬೇರೆ. ಗಡ್ಡ ಬೆಳೆಯುವುದು ಕಡಿಮೆಯಾಯಿತು, ತಲೆನೋವು, ಅಕ್ಕಪಕ್ಕದ ನೋಟ ಮಂಜು. ನಾಚಿಕೆಯಿಂದ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಹೆಂಡತಿಯೇ ಗಮನಿಸಿ ತೋರಿಸಿದರು. ಪಿಟ್ಯುಟರಿಯಲ್ಲಿ ಗಂಟು, ಪುಣ್ಯಕ್ಕೆ ಕ್ಯಾನ್ಸರ್ ಅಲ್ಲ. ಆಪರೇಷನ್ ಆಯಿತು. ಹೆಡ್ ಆಫೀಸಿಗೇ ಏಟು ಬಿದ್ದಿದ್ದರಿಂದ ಈಗ ಅವರಿಗೆ ಡಾಕ್ಟರು ಹೇಳಿದ ದಿನ ಇಂಜೆಕ್ಷನ್. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ತೆಗೆದುಕೊಳ್ಳುವುದಕ್ಕಿಂತ ಇದರಲ್ಲಿ ಹೆಚ್ಚಿನ ನಾಚಿಕೆ ಏನಿದೆ?

ಬೇಕೋ ಬೇಡವೋ ಎಂದು ತಿಳಿಯಲು ದಾರಿ ಇದೆ. ಈ ಹಾರ್ಮೋನು ಬೆಳಿಗ್ಗೆ ಹೆಚ್ಚು, ಸಂಜೆಗೆ ಇಳಿಯುತ್ತದೆ. ಹಾಗಾಗಿ ಬೆಳಗಿನ ಹೊತ್ತು, ಎರಡು ಬೇರೆ ಬೇರೆ ದಿನ ರಕ್ತ ಪರೀಕ್ಷೆ ಆಗಬೇಕು. ಅಮೆರಿಕದ ಮೂತ್ರಾಂಗ ತಜ್ಞರ ಸಂಘ ಒಂದು ಡೆಸಿಲೀಟರ್‌ಗೆ 300 ನ್ಯಾನೊಗ್ರಾಂಗಿಂತ ಕಡಿಮೆಯಾದರೆ ಕೊರತೆ ಎನ್ನುತ್ತದೆ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲೇ ಒಂದು ನ್ಯಾನೊಗ್ರಾಂ! ಬರೀ ಅಂಕಿ ಸಾಲದು, ತೊಂದರೆಯ ಲಕ್ಷಣಗಳೂ ಇರಬೇಕು.

ಚಿಕಿತ್ಸೆ ಶುರುವಾದ ಮೇಲೂ ಲೆಕ್ಕ ತಪಾಸಣೆ ತಪ್ಪುವಂತಿಲ್ಲ. ರಕ್ತ ಮಂದವಾಗುತ್ತಿದೆಯೇ, ಪ್ರಾಸ್ಟೇಟ್ ಗ್ರಂಥಿ ಸರಿಯಿದೆಯೇ ಎಂದು ಆಗಾಗ ನೋಡಬೇಕು. ಹೃದಯದ ತೊಂದರೆ ಇದ್ದ ಅಥವಾ ಬರುವ ಸಂಭವ ಹೆಚ್ಚಿದ್ದ 5,000ಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ದೊಡ್ಡ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಕೊರತೆ ಇದ್ದವರಿಗೆ ಈ ಔಷಧ ಕೊಟ್ಟಾಗ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಲಿಲ್ಲ. ಆದರೆ ಎದೆಬಡಿತದ ಏರುಪೇರು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಸ್ವಲ್ಪ ಹೆಚ್ಚಾಗಿ ಕಂಡವು.

ಕೊನೆಗೆ, ಅಜ್ಜಂದಿರು ಮರೆಯಬಾರದ ಮಾತೊಂದಿದೆ. ಈ ಔಷಧ ಚರ್ಮಕ್ಕೆ ಹಚ್ಚುವ ಜೆಲ್ ರೂಪದಲ್ಲೂ ಬರುತ್ತದೆ. ಹಚ್ಚಿಕೊಂಡ ತೋಳಿನಲ್ಲೇ ಮೊಮ್ಮಗುವನ್ನು ಎತ್ತಿಕೊಂಡರೆ ಔಷಧ ಮಗುವಿನ ಚರ್ಮಕ್ಕೂ ಇಳಿದು, ವಯಸ್ಸಿಗೆ ಮೊದಲೇ ಪ್ರೌಢತೆಯ ಲಕ್ಷಣ ಕಾಣಿಸಿಕೊಂಡದ್ದುಂಟು. 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಈ ಎಚ್ಚರಿಕೆಯನ್ನು ಜೆಲ್‌ನ ಲೇಬಲ್ಲಿನಲ್ಲೇ ಕಡ್ಡಾಯ ಮಾಡಿತು. ಜೆಲ್ ಹಚ್ಚಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಒಣಗಿದ ಬಳಿಕ ತೋಳು ಮುಚ್ಚುವ ಅಂಗಿ ತೊಡಿ, ಆಮೇಲೆ ಮಗುವನ್ನು ಎತ್ತಿಕೊಳ್ಳಿ. ಮೊಮ್ಮಕ್ಕಳೇ, ‘ತಾತಾ, ಕೈ ತೊಳೆದಾಯ್ತಾ?’ ಎಂದು ನೆನಪಿಸುವ ಕೆಲಸ ನಿಮ್ಮದು.