ಹುಡುಕಿದ ದಾರಿ, ದೊರೆತ ಪಟ್ಟಿ

ಕಳೆದ ವರ್ಷ ನನ್ನ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡುತ್ತಿರುವ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಬಂಧದ ಎರಡನೆಯ ಅಧ್ಯಾಯವನ್ನು ತಂದು ಮೇಜಿನ ಮೇಲಿಟ್ಟಳು. 1950ಕ್ಕೆ ಮುಂಚೆ ಕನ್ನಡದಲ್ಲಿ ಸಣ್ಣಕತೆ ಬರೆದ ಲೇಖಕಿಯರು ಅತಿ ವಿರಳ ಎಂಬುದು ಅದರ ಪ್ರತಿಪಾದನೆ. ಆಧಾರವಾಗಿ ಗ್ರಂಥಾಲಯದ ಕಂಪ್ಯೂಟರಿನಿಂದ ಪಡೆದ ಒಂದು ಸಂಖ್ಯೆ: ಏಳು ಪುಸ್ತಕಗಳು. ನಾನು ಓದಿ, ಅಲ್ಲಲ್ಲಿ ಕಾಗುಣಿತ ತಿದ್ದಿ, ಒಪ್ಪಿಗೆಯ ಸಹಿಯನ್ನೂ ಹಾಕಿದೆ. ಹಾಕಬಾರದಾಗಿತ್ತು.

ಆ ಏಳು ಹುಟ್ಟಿದ ಬಗೆಯನ್ನು ಮೊದಲು ಹೇಳಬೇಕು. ಗ್ರಂಥಾಲಯದ ಶೋಧ ತಂತ್ರಾಂಶದಲ್ಲಿ 'ಸಣ್ಣಕತೆ' ಎಂದು ಕೇಳಿದರೆ ನಮೂದುಗಳು ರಾಶಿಯಾಗಿ ಬಂದು ಬೀಳುತ್ತವೆ. ಪರದೆಯ ಪಕ್ಕದಲ್ಲಿ ಲೇಖಕ, ವಿಷಯ, ಭಾಷೆ, ಪ್ರಕಟಣ ವರ್ಷ ಎಂಬ ತಲೆಬರಹಗಳು. ಅವುಗಳ ಕೆಳಗೆ ಹೆಸರುಗಳು. ಪ್ರತಿ ಹೆಸರಿನ ಮುಂದೆಯೂ ಅದಕ್ಕೆ ಸೇರಿದ ಪುಸ್ತಕಗಳ ಲೆಕ್ಕ. 'ಲೇಖಕಿಯರು' ಎಂಬುದನ್ನು ಒತ್ತಿದರೆ ರಾಶಿ ಕರಗುತ್ತದೆ. ವರ್ಷವನ್ನೂ ಒತ್ತಿದರೆ ಇನ್ನಷ್ಟು ಕರಗುತ್ತದೆ. ಈ ತಲೆಬರಹಗಳಿಗೆ ಫ್ಯಾಸೆಟ್ ಎಂದು ಹೆಸರು. ಮುಖವೆಂದರೆ ನಮಗೆ ಸಾಕು.

ಈ ಕಲ್ಪನೆ ನಮಗೆ ಹೊರಗಿನದೇನೂ ಅಲ್ಲ. ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿದ್ದ ಎಸ್. ಆರ್. ರಂಗನಾಥನ್ ಅವರು 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣ, ಪುಸ್ತಕವನ್ನು ಒಂದೇ ಗೂಡಿಗೆ ತುರುಕದೆ, ಅದರ ವಿಷಯವನ್ನು ಹಲವು ಮುಖಗಳಾಗಿ ಬಿಡಿಸಿ ಜೋಡಿಸುವ ಪದ್ಧತಿ. ಲಂಡನ್ನಿನ ಅಂಗಡಿಯೊಂದರಲ್ಲಿ ಕಂಡ ಮೆಕ್ಯಾನೊ ಎಂಬ ಜೋಡಣೆಯ ಆಟಿಕೆ ಅವರಿಗೆ ಈ ದಾರಿಯನ್ನು ತೋರಿತಂತೆ. ಮುಂದೆ ಅವರು ಆ ಮುಖಗಳ ಮೂಲವನ್ನು ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದಕ್ಕೆ ತಂದು ನಿಲ್ಲಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಕಟ್ಟಿದರು. 1972ರಲ್ಲಿ ಅದೇ ಊರಿನಲ್ಲಿ ತೀರಿಕೊಂಡರು. ಇಂದು ನಾವು ಬೆರಳಿನಿಂದ ಒತ್ತುವ ತಲೆಬರಹಗಳಿಗೆ ಫ್ಯಾಸೆಟ್ ಎಂಬ ಹೆಸರು ಅವರ ಶಾಸ್ತ್ರದಿಂದಲೇ ಬಂದದ್ದು.

ಸಹಿ ಹಾಕಿ ತಿಂಗಳಾಗಿರಬಹುದು. ತರಗತಿಗೆ ಪಾಠ ಹೇಳಲು ಕೊಡಗಿನ ಗೌರಮ್ಮನವರ ಕತೆಗಳು ಬೇಕಾಗಿ ಕಪಾಟಿನ ಬಳಿಗೆ ಹೋದೆ. ಪುಸ್ತಕ ಕೈಗೆ ಬಂದೊಡನೆ ಎದೆ ಧಸಕ್ಕೆಂದಿತು. ಗೌರಮ್ಮನವರು ತೀರಿಕೊಂಡದ್ದು 1939ರಲ್ಲಿ, ಇನ್ನೂ ಮೂವತ್ತು ತುಂಬುವ ಮುನ್ನ. ಆ ಏಳರ ಲೆಕ್ಕದಲ್ಲಿ ಅವರು ಹೇಗೆ ಇರಲಿಲ್ಲ? ಮೊದಲ ಪುಟಗಳನ್ನು ತಿರುವಿದಾಗ ತಿಳಿಯಿತು: ನಮ್ಮಲ್ಲಿರುವುದು ಬಹಳ ವರ್ಷಗಳ ಅನಂತರದ ಮರುಮುದ್ರಣ. ಯಂತ್ರಕ್ಕೆ ಗೊತ್ತಿರುವುದು ಅಚ್ಚಾದ ವರ್ಷವೇ ಹೊರತು ಬರೆದ ವರ್ಷವಲ್ಲ. ಕಾಲವೆಂಬ ಒಂದು ಮುಖದಲ್ಲಿ ಎರಡು ಕಾಲಗಳು ಅಡಗಿದ್ದುದನ್ನು ನಾವಿಬ್ಬರೂ ಕಾಣಲಿಲ್ಲ.

ಗ್ರಂಥಪಾಲಕರೊಡನೆ ಕುಳಿತು ನೋಡಿದಷ್ಟೂ ಹುಳುಕು. ವರ್ಷದ ಕಲಂ ಖಾಲಿಯಿದ್ದ ಪುಸ್ತಕಗಳು, ಯಾವ ವರ್ಷವನ್ನು ಒತ್ತಿದರೂ ಸದ್ದಿಲ್ಲದೆ ಮಾಯವಾಗುತ್ತಿದ್ದವು. 'ವರ್ಷ ತಿಳಿಯದು' ಎಂಬ ತಲೆಬರಹವನ್ನು ಯಾರೂ ಇರಿಸಿರಲಿಲ್ಲ. ಲೇಖಕರ ಪಟ್ಟಿಯಲ್ಲಿ ಬೇಂದ್ರೆಯವರೂ ಅಂಬಿಕಾತನಯದತ್ತರೂ ಪರಸ್ಪರ ಪರಿಚಯವಿಲ್ಲದವರಂತೆ ಬೇರೆ ಬೇರೆ ಕುಳಿತಿದ್ದರು. (ವರಕವಿಗಳು ಕಂಡಿದ್ದರೆ ನಗುತ್ತಿದ್ದರೇನೋ, ನನಗೆ ನಗು ಬರಲಿಲ್ಲ.) ಗ್ರಂಥಪಾಲಕರು ಸಜ್ಜನರು. ಎರಡು ತಿಂಗಳು ಕುಳಿತು ನಮೂದುಗಳನ್ನು ತಿದ್ದಿದರು. ಮೊದಲ ಮುದ್ರಣದ ವರ್ಷಕ್ಕೆ ಬೇರೆಯೇ ಒಂದು ಮುಖವನ್ನು ಮಾಡಿಸಿದರು.

ವಿದ್ಯಾರ್ಥಿನಿ ತನ್ನ ಹಳೆಯ ಪ್ರಶ್ನೆಯನ್ನು ತಂತ್ರಾಂಶದಲ್ಲೇ ಉಳಿಸಿಟ್ಟಿದ್ದಳು. ತೆರೆದಳು. ಹದಿಮೂರು! ಹೊಸ ಮುಖವನ್ನು ಸೇರಿಸಿ ಕೇಳಿದರೆ ಹತ್ತೊಂಬತ್ತು. ಮೊದಲಿನ ಏಳು ಯಾವುವೆಂದು ಕೇಳಿದೆ. ಅವಳಲ್ಲಿ ಉತ್ತರವಿರಲಿಲ್ಲ. ಅವಳು ಉಳಿಸಿದ್ದು ಪ್ರಶ್ನೆಯನ್ನು, ಫಲವನ್ನಲ್ಲ. ಉಳಿಸಿದ ಪ್ರಶ್ನೆ ತೆರೆದಾಗಲೆಲ್ಲ ಹೊಸದಾಗಿ ಹುಡುಕುತ್ತದೆ, ಇಂದಿನ ಭಂಡಾರದಲ್ಲಿ ಇಂದಿರುವುದನ್ನು ಕೊಡುತ್ತದೆ. ಹೊಸ ಪುಸ್ತಕ ಬಂದಾಗ ತಿಳಿಯಲು ಅದು ಸೊಗಸಾದ ಏರ್ಪಾಡು. ಆದರೆ ಅಂದು ಕಂಡದ್ದೇನೆಂದು ಸಾಕ್ಷಿ ಹೇಳಬೇಕಾದರೆ ದೊರೆತ ಪುಸ್ತಕಗಳ ಪಟ್ಟಿಯನ್ನೇ ತಾರೀಖಿನೊಡನೆ ಕಟ್ಟಿಡಬೇಕು. 1972ರಿಂದ ವಾಣಿಜ್ಯ ಸೇವೆಯಾಗಿ ನಡೆದ ಅಮೆರಿಕದ ಡಯಲಾಗ್ ವ್ಯವಸ್ಥೆಯಲ್ಲಿ ಪ್ರತಿ ಶೋಧದ ಫಲಕ್ಕೂ ಒಂದು ಸಂಖ್ಯೆ ಬೀಳುತ್ತಿತ್ತು. ಒಂದನೆಯ ಗುಂಪನ್ನು ಮೂರನೆಯದರೊಡನೆ ಕೂಡಿಸು, ಎರಡನೆಯದನ್ನು ಕಳೆ ಎಂದು ಹೇಳಬಹುದಾಗಿತ್ತು. ಈಗಿನ ಸೋಲರ್‌ನಂಥ ತಂತ್ರಾಂಶವೂ ಒತ್ತಿದ ಮುಖದ ಗುಂಪನ್ನು ಸ್ಮೃತಿಯಲ್ಲಿಟ್ಟುಕೊಂಡು ಮುಂದಿನ ಪ್ರಶ್ನೆಗೆ ಬಳಸುತ್ತದೆ. ಅದು ವೇಗಕ್ಕಾಗಿ, ಭಂಡಾರ ಬದಲಾದೊಡನೆ ಆ ನೆನಪೂ ಅಳಿಯುತ್ತದೆ. ನಮ್ಮ ಪರವಾಗಿ ನೆನಪಿಡುವ ಹೊಣೆ ಅದಕ್ಕಿಲ್ಲ.

ಅಧ್ಯಾಯವನ್ನು ಅವಳು ಮತ್ತೆ ಬರೆದಿದ್ದಾಳೆ. 'ಅತಿ ವಿರಳ' ಎಂಬ ಮಾತು ಹೋಯಿತು. ಅದರ ಜಾಗಕ್ಕೆ ಮರುಮುದ್ರಣ ಕಾಣದೆ ಉಳಿದ ಲೇಖಕಿಯರ ಚರ್ಚೆ ಬಂದಿದೆ. ಅನುಬಂಧದಲ್ಲಿ ಕೇಳಿದ ಪ್ರಶ್ನೆ, ಒತ್ತಿದ ಮುಖಗಳು, ತಾರೀಖು, ಹತ್ತೊಂಬತ್ತು ಪುಸ್ತಕಗಳ ದಾಖಲೆ ಸಂಖ್ಯೆ ಎಲ್ಲವೂ ಇವೆ. ಈ ಸಲ ಸಹಿ ಹಾಕುವ ಮುನ್ನ ಪಟ್ಟಿಯನ್ನು ಹಿಡಿದು ಕಪಾಟಿನಿಂದ ಕಪಾಟಿಗೆ ನಾನೇ ನಡೆದೆ. ಹದಿನೆಂಟು ಪುಸ್ತಕಗಳು ಸರಿಯಾಗಿದ್ದವು. ಹತ್ತೊಂಬತ್ತನೆಯದಕ್ಕೆ ಮೊದಲ ನಾಲ್ಕು ಪುಟಗಳೇ ಇಲ್ಲ. ಅದರ ವರ್ಷದ ಎದುರು ಅವಳು ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕಿಕೊಂಡಳು.