ದತ್ತು ಮಗು ಮನೆಗೆ ಬಂದ ಮೇಲೆ

ನಮ್ಮ ಗುಡೇಕೋಟೆಯಂಥ ಚಿಕ್ಕ ಊರಲ್ಲಿ ಒಂದು ಮನೆಗೆ ಮಗು ಬಂತೆಂದರೆ ಇಡೀ ಓಣಿಗೇ ಬಂದ ಹಾಗೆ. ನೋಡಲು ಬರುವವರು, ಎತ್ತಿ ಆಡಿಸುವವರು, ಕೈಗೆ ದುಡ್ಡು ಇಡುವವರು, ದೃಷ್ಟಿ ತೆಗೆಯುವವರು. ಹೆತ್ತ ಕೂಸಿಗೆ ತಾಯಿಯ ಮೈವಾಸನೆ ಹುಟ್ಟಿನಿಂದಲೇ ಗೊತ್ತು. ಯಾರು ಎತ್ತಿಕೊಂಡರೂ ಮರಳುವ ಮಡಿಲು ಯಾವುದೆಂದು ಅದಕ್ಕೆ ತಿಳಿದಿರುತ್ತದೆ. ಒಂದೂವರೆ ವರ್ಷದ ದತ್ತು ಮಗುವಿಗೆ ಮನೆಯವರೂ ಹೊಸಬರು, ನೋಡಲು ಬಂದವರೂ ಹೊಸಬರು. ಇಷ್ಟು ಜನರಲ್ಲಿ ತನ್ನವರು ಯಾರೆಂದು ಆ ಮಗುವಿಗೆ ಮನವರಿಕೆಯಾಗಬೇಕು. ದತ್ತು ಆದೇಶದ ಕಾಗದ ಒಂದು ದಿನ ಕೈಗೆ ಬಂದುಬಿಡುತ್ತದೆ, ಈ ನಂಬಿಕೆ ಬೆಳೆಯಲು ತಿಂಗಳುಗಟ್ಟಲೆ ಬೇಕು.

ಕಾನೂನು ಏನು ಹೇಳುತ್ತದೆ?

ಇಲ್ಲಿ ಹೇಳುತ್ತಿರುವುದು ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ (ಕಾರಾ) ಪೋರ್ಟಲ್‌ನಲ್ಲಿ ನೋಂದಾಯಿಸಿ, ಮನೆ ಪರಿಶೀಲನೆ ಮುಗಿಸಿ, ವಿಶೇಷ ದತ್ತು ಸಂಸ್ಥೆಯಿಂದ ಪಡೆಯುವ ಮಗುವಿನ ಬಗ್ಗೆ. ಅನಾಥ ಅಥವಾ ಬಿಟ್ಟುಹೋದ ಕೂಸನ್ನು ಆಸ್ಪತ್ರೆಯಲ್ಲೋ ಬಸ್‌ ನಿಲ್ದಾಣದಲ್ಲೋ ಯಾರೋ ಕೈಗಿಟ್ಟರೆಂದು ಇಟ್ಟುಕೊಂಡರೆ ಅದು ದತ್ತು ಆಗುವುದಿಲ್ಲ. ಬಾಲ ನ್ಯಾಯ ಕಾಯ್ದೆ 2015ರ 80ನೇ ಕಲಂ ಪ್ರಕಾರ ಕೊಟ್ಟವರಿಗೂ ಪಡೆದವರಿಗೂ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಅಂಥ ಮಗು ಕಂಡರೆ 1098ಕ್ಕೆ ಕರೆ ಮಾಡಬೇಕು.

2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡುವುದು ನ್ಯಾಯಾಲಯವಲ್ಲ, ಜಿಲ್ಲಾಧಿಕಾರಿ. ಆದೇಶವಾದ ದಿನದಿಂದ ಆ ಮಗು ನಿಮಗೇ ಹುಟ್ಟಿದ ಮಗುವಿನ ಸಮಾನ ಎಂದು ಕಾಯ್ದೆಯ 63ನೇ ಕಲಂ ಹೇಳುತ್ತದೆ. ಆಸ್ತಿಯ ಮಾತು ತೆಗೆಯುವ ದಾಯಾದಿಗಳಿಗೆ ಇದೇ ಉತ್ತರ. ಆದೇಶದ ಆಧಾರದ ಮೇಲೆ ನಿಮ್ಮ ಹೆಸರಿರುವ ಜನನ ಪ್ರಮಾಣಪತ್ರ ಮಾಡಿಸಿಕೊಳ್ಳಿ. ಆಧಾರ್‌ಗೂ ಶಾಲೆಗೂ ಅದು ಬೇಕಾಗುತ್ತದೆ.

ಮಗು ಮನೆಗೆ ಬಂದಾಗಿನಿಂದ ಎರಡು ವರ್ಷ, ಆರು ತಿಂಗಳಿಗೊಮ್ಮೆ ಸಂಸ್ಥೆಯ ಸಮಾಜ ಕಾರ್ಯಕರ್ತರು ಮನೆಗೆ ಬರುತ್ತಾರೆ. ಮಗುವಿನ ತೂಕ, ಲಸಿಕೆ, ಆಟ, ಮನೆಯವರೊಂದಿಗಿನ ಒಡನಾಟ ನೋಡಿ ವರದಿ ಬರೆಯುತ್ತಾರೆ. ಇದನ್ನು ತಪಾಸಣೆ ಎಂದು ಹೆದರುವವರೇ ಹೆಚ್ಚು. ಕಷ್ಟ ಹೇಳಿಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ. ಎಲ್ಲಾ ಚೆನ್ನಾಗಿದೆ ಎಂದು ಹೇಳಿ ಕಳಿಸಿಬಿಡಬೇಡಿ.

ಮೊದಲ ವಾರಗಳು

ಮಗುವನ್ನು ಕರೆತರುವ ದಿನ ಸಂಸ್ಥೆಯ ಆಯಾರನ್ನು ಕೂರಿಸಿಕೊಂಡು ಕೇಳಿ: ಎಷ್ಟು ಹೊತ್ತಿಗೆ ಮಲಗುತ್ತದೆ, ಏನು ತಿನ್ನುತ್ತದೆ, ಅತ್ತಾಗ ಹೇಗೆ ಸಮಾಧಾನ ಮಾಡುತ್ತೀರಿ, ಯಾವ ಹಾಡು ಹೇಳುತ್ತೀರಿ. ಅದು ಹೊದ್ದುಕೊಳ್ಳುತ್ತಿದ್ದ ಬಟ್ಟೆ ಕೊಟ್ಟರೆ ತನ್ನಿ, ಕೆಲವು ದಿನ ಒಗೆಯಬೇಡಿ. ಹೊಸ ಮನೆಯಲ್ಲಿ ಅದಕ್ಕೆ ಪರಿಚಯದ ವಾಸನೆ ಅದೊಂದೇ.

ಉಣಿಸುವುದು, ಮೀಯಿಸುವುದು, ಮಲಗಿಸುವುದು ಅಪ್ಪ ಅವ್ವ ಇಬ್ಬರೇ ಮಾಡಲಿ. ಅಜ್ಜಿ, ಅತ್ತೆ, ಪಕ್ಕದ ಮನೆಯವರು ಪಕ್ಕದಲ್ಲಿ ಕೂತು ಮಾತಾಡಿಸಿದರೆ ಸಾಕು, ಎತ್ತಿಕೊಳ್ಳುವುದು ಆಮೇಲೆ. ತೊಟ್ಟಿಲ ಕಾರ್ಯ ಚಿಕ್ಕದಾಗಿ ಮಾಡಿ ಅಥವಾ ಮುಂದೂಡಿ. ಕೊಟ್ಟೂರಿನ ತೇರು, ಮೈಲಾರದ ಕಾರ್ಣಿಕ ಮುಂದಿನ ವರ್ಷವೂ ಇರುತ್ತವೆ. ಮೊದಲ ತಿಂಗಳುಗಳಲ್ಲಿ ಆ ಜನಸಾಗರಕ್ಕೆ ಮಗುವನ್ನು ಒಯ್ಯಬೇಡಿ. ಕೂಲಿ ಬಿಟ್ಟು ಇಬ್ಬರೂ ಮನೆಯಲ್ಲಿರಲು ಆಗದಿದ್ದರೆ ಒಬ್ಬರಾದರೂ ಇರಿ, ಇನ್ನೊಬ್ಬರು ದಿನವೂ ಹೇಳಿಯೇ ಹೋಗಿ. ಕಣ್ತಪ್ಪಿಸಿ ಹೋದರೆ ಮಗುವಿನ ಭಯ ಇನ್ನೂ ಹೆಚ್ಚುತ್ತದೆ.

ಯಾರು ಕರೆದರೂ ನಗುತ್ತಾ ಹೋಗುವ ಮಗುವನ್ನು ಕಂಡು ‘ಎಷ್ಟು ಬೇಗ ಹೊಂದಿಕೊಂಡಿತು’ ಎಂದು ಊರವರು ಮೆಚ್ಚುತ್ತಾರೆ. ಅದು ಇನ್ನೂ ಯಾರನ್ನೂ ತನ್ನವರೆಂದು ಆರಿಸಿಕೊಂಡಿಲ್ಲ ಎಂಬುದರ ಗುರುತೂ ಆಗಿರಬಹುದು. ಕೆಲವು ತಿಂಗಳ ನಂತರ ಹೊಸಬರನ್ನು ಕಂಡು ಅತ್ತು ನಿಮ್ಮ ಸೆರಗಿಗೆ ಅಂಟಿಕೊಂಡರೆ ಸಂತೋಷಪಡಿ, ನಂಟು ಬೆಳೆದಿದೆ.

ಊಟ, ನಿದ್ದೆ, ಮಾತು

ಮೆತ್ತನೆಯ ಅನ್ನ ಬೇಳೆ ತಿಂದು ರೂಢಿಯಾದ ಮಗುವಿಗೆ ಮೊದಲ ದಿನವೇ ಜೋಳದ ರೊಟ್ಟಿ ಕೊಡಬೇಡಿ. ಅದು ತಿನ್ನುತ್ತಿದ್ದುದನ್ನೇ ಮುಂದುವರಿಸಿ, ಹಾಲಿನಲ್ಲಿ ನೆನೆಸಿದ ರೊಟ್ಟಿಯ ಚೂರಿನಿಂದ ನಿಧಾನವಾಗಿ ಶುರುಮಾಡಿ. ಕೆಲವು ಮಕ್ಕಳು ಹೊಟ್ಟೆ ಬಿರಿಯುವಷ್ಟು ತಿನ್ನುತ್ತವೆ, ದಿಂಬಿನ ಕೆಳಗೆ ರೊಟ್ಟಿ ಬಚ್ಚಿಡುತ್ತವೆ. ಬೈಯದೆ, ಕೈಗೆಟುಕುವ ಕಡೆ ಒಂದು ಬಟ್ಟಲಲ್ಲಿ ಮಂಡಕ್ಕಿಯನ್ನೋ ಬಾಳೆಹಣ್ಣನ್ನೋ ಸದಾ ಇಡಿ. ಊಟ ತಪ್ಪುವುದಿಲ್ಲ ಎಂಬ ಭರವಸೆ ಬಂದಂತೆ ಬಚ್ಚಿಡುವುದು ಕಡಿಮೆಯಾಗುತ್ತದೆ. ಮೊದಲ ತಿಂಗಳಲ್ಲೇ ವೈದ್ಯರಲ್ಲಿ ರಕ್ತಹೀನತೆ, ಜಂತುಹುಳು, ಕಿವಿ, ಕಣ್ಣಿನ ಪರೀಕ್ಷೆ ಮಾಡಿಸಿ. ಅಂಗನವಾಡಿಯಲ್ಲಿ ಹೆಸರು ಬರೆಸಿ.

ಹತ್ತಾರು ಮಕ್ಕಳ ನಡುವೆ, ದೀಪ ಉರಿಯುವ ಕೋಣೆಯಲ್ಲಿ ಮಲಗಿ ರೂಢಿಯಾದ ಮಗುವಿಗೆ ನಮ್ಮೂರ ಕತ್ತಲೂ ಮೌನವೂ ಹೊಸದು. ಚಿಕ್ಕ ದೀಪ ಹಚ್ಚಿಡಿ, ಮಗ್ಗುಲಲ್ಲೇ ಮಲಗಿಸಿಕೊಳ್ಳಿ.

ಬೇರೆ ರಾಜ್ಯದ ಸಂಸ್ಥೆಯಿಂದಲೂ ಮಗು ಬರಬಹುದು. ಮರಾಠಿಯೋ ಒಡಿಯಾವೋ ಕೇಳಿ ಬೆಳೆದ ಎರಡು ವರ್ಷದ ಮಗುವಿಗೆ ಕನ್ನಡ ತಿಳಿಯದು. ನೀರು, ಹಸಿವು, ನೋವು, ನಿದ್ದೆ, ಒಂದಕ್ಕೆ, ಬಾ, ಇಲ್ಲೇ ಇದೀನಿ: ಇಷ್ಟು ಮಾತನ್ನು ಅದರ ಭಾಷೆಯಲ್ಲಿ ನೀವು ಮೊದಲು ಕಲಿಯಿರಿ. ಹಳೆಯ ಭಾಷೆ ಮಾಸಿ ಹೊಸದು ಬರುವ ನಡುವೆ ಮಗು ಸುಮ್ಮನಾಗಿಬಿಡಬಹುದು. ಕರೆದಾಗ ತಿರುಗಿ ನೋಡುತ್ತಿದ್ದರೆ, ಕೈಸನ್ನೆ ಮಾಡುತ್ತಿದ್ದರೆ ಗಾಬರಿ ಬೇಡ.

ಊರವರ ಪಾಲು

ಸುತ್ತಲೂ ಕರಡಿಧಾಮ ಇರುವ ಊರು ಗುಡೇಕೋಟೆ. ‘ಅಳಬ್ಯಾಡ, ಕರಡಿ ಬರ್ತೈತಿ’ ಎಂದು ಎಲ್ಲ ಮಕ್ಕಳನ್ನೂ ಹೆದರಿಸುತ್ತೇವೆ. ದತ್ತು ಮಗುವಿನ ಮುಂದೆ ಅದಕ್ಕಿಂತ ಕೆಟ್ಟ ಮಾತೊಂದಿದೆ: ‘ಹಟ ಮಾಡಿದ್ರೆ ವಾಪಸ್ ಬಿಟ್ಟು ಬರ್ತೀನಿ.’ ಒಮ್ಮೆ ಕೈಬಿಟ್ಟದ್ದನ್ನು ಅನುಭವಿಸಿದ ಮಗುವಿಗೆ ಇದು ಬರಿ ಬೆದರಿಕೆಯಲ್ಲ, ನಡೆದ ಸಂಗತಿ. ‘ನಿನ್ನ ತೌಡು ಕೊಟ್ಟು ತಂದೀವಿ’ ಎಂಬ ತಮಾಷೆಯೂ ಈ ಮನೆಯಲ್ಲಿ ಬೇಡ. ಹಿರಿಯರಿಗೆ, ಅಂಗನವಾಡಿ ಕಾರ್ಯಕರ್ತೆಗೆ, ಮಾಸ್ತರರಿಗೆ ಇದನ್ನು ಮೊದಲೇ ಹೇಳಿ. ‘ಹೆತ್ತವರು ಯಾರು, ಯಾವ ಜಾತಿ’ ಎಂದು ಕೇಳುವವರಿಗೆ ‘ಈಗ ನಮ್ಮ ಮಗು’ ಎಂದಷ್ಟೇ ಹೇಳಿ ನಿಲ್ಲಿಸಿ.

ತಾಯಿಯ ಮನಸ್ಸನ್ನೂ ಗಮನಿಸಿ. ವರ್ಷಗಟ್ಟಲೆ ಕಾದು ಪಡೆದ ಮಗು ಮಡಿಲಿಗೆ ಬಂದ ಮೇಲೂ ಅಳು, ಬೇಸರ, ನಿದ್ದೆಗೇಡು ಬರಬಹುದು. ಹೆರದಿದ್ದವಳಿಗೆ ಬಾಣಂತಿಯ ಬೇನೆ ಎಲ್ಲಿಯದು ಎಂದು ಹಂಗಿಸದೆ, ಸಂಸ್ಥೆಯ ಆಪ್ತಸಮಾಲೋಚಕರನ್ನೋ ಹೊಸಪೇಟೆಯಲ್ಲಿರುವ ನಮ್ಮ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನೋ ಸಂಪರ್ಕಿಸಿ.

ದೇಶ ದಾಟುವ ಮಕ್ಕಳು

ದೇಶ-ದೇಶಗಳ ನಡುವಿನ ದತ್ತುವಿಗೆ 1993ರ ಹೇಗ್ ಒಪ್ಪಂದ ಆಧಾರ. ಭಾರತ ಅದನ್ನು ಅನುಮೋದಿಸಿದ್ದು 2003ರಲ್ಲಿ. ಇಲ್ಲಿಂದ ಹೊರಗೆ ಹೋಗುವ ಮಗುವಿನ ವರದಿ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ ಬರಬೇಕು. ಭಾರತೀಯರು ಹೊರದೇಶದ ಮಗುವನ್ನು ದತ್ತು ಪಡೆಯುವುದಾದರೆ ಮೊದಲು ಆ ದೇಶದ ಕಾನೂನಿನಂತೆ ವಿಧಿ ಮುಗಿಸಬೇಕು. ಹೇಗ್ ಒಪ್ಪಂದಕ್ಕೆ ಸೇರಿದ ದೇಶವಾದರೆ ಕಾರಾದ ಒಪ್ಪಿಗೆಯೂ ಬೇಕು. ಮಗುವಿಗೆ ಹೊರದೇಶದ ಪಾಸ್‌ಪೋರ್ಟ್‌ ಇದ್ದರೆ ಭಾರತೀಯ ರಾಯಭಾರ ಕಚೇರಿಯಲ್ಲಿ ವೀಸಾ ಪಡೆಯಬೇಕು. ಮನೆ ಸೇರಿದ ಮೇಲಿನ ಕೆಲಸ ಮಾತ್ರ ಮೇಲೆ ಹೇಳಿದ್ದೇ.

ನಿಜ ಹೇಳುವುದು

ಮಾತು ತಿಳಿಯುವ ಮುಂಚಿನಿಂದಲೇ ಹೇಳಿ: ‘ನೀನು ಬೇರೆ ಅವ್ವನ ಹೊಟ್ಟೆಯಲ್ಲಿ ಹುಟ್ಟಿದೆ, ನಾವು ಹೋಗಿ ನಿನ್ನನ್ನು ಕರಕೊಂಡು ಬಂದ್ವಿ.’ ಮಲಗುವಾಗಿನ ಕಥೆಯಾಗಿ ಕೇಳುತ್ತ ಬೆಳೆದ ಮಗುವಿಗೆ ಇದು ಎಂದೂ ಆಘಾತವಾಗದು. ಚಿಕ್ಕ ಊರಲ್ಲಿ ಗುಟ್ಟು ನಿಲ್ಲುವುದಿಲ್ಲ. ನೀವು ಹೇಳದಿದ್ದರೆ ಜಗಳದಲ್ಲಿ ಯಾರೋ ಹೇಳುತ್ತಾರೆ. ಹೆತ್ತವಳನ್ನು ಮಾತ್ರ ಯಾವತ್ತೂ ಹೀಗಳೆಯಬೇಡಿ, ಆ ಮಾತು ಮಗುವಿಗೇ ತಾಗುತ್ತದೆ.

ಸಂಸ್ಥೆ ಕೊಟ್ಟ ವರದಿ, ಮೊದಲ ಫೋಟೊ, ಆದೇಶದ ಪ್ರತಿ ಎಲ್ಲವನ್ನೂ ಒಂದು ಫೈಲ್‌ನಲ್ಲಿ ಭದ್ರವಾಗಿಡಿ. 18 ತುಂಬಿದ ಮೇಲೆ ತನ್ನ ಬೇರು ಹುಡುಕಲು ಅರ್ಜಿ ಹಾಕುವ ಅವಕಾಶವನ್ನು ನಿಯಮಗಳೇ ಕೊಟ್ಟಿವೆ. ಆ ಫೈಲ್ ಮಗುವಿಗೆ ಸೇರಿದ್ದು. ಕೇಳಿದ ದಿನ ಮುನಿಸಿಲ್ಲದೆ ಕೊಟ್ಟು, ಜೊತೆಗೆ ಕೂತು ಓದಿ.